ಆಟದ ವ್ಯಾಪಾರವೂ ಅದರ ಧುರೀಣರ ಹೊಣೆಯೂ

ಆಟವು ಈಗ ಬರಿಯ ಆಟವಾಗಿ ಉಳಿದಿಲ್ಲ. ಅದೊಂದು ದೊಡ್ಡ ವ್ಯಾಪಾರವಾಗಿ ಬೆಳೆದು ನಿಂತಿರುವದು. ತಂಡಗಳಿಗೆ ಒಡೆಯರುಂಟು, ಒಡೆಯರಿಗೆ ವ್ಯವಸ್ಥಾಪಕರುಂಟು, ವ್ಯವಸ್ಥಾಪಕರಿಗೆ ಲಾಭನಷ್ಟದ ಲೆಕ್ಕವುಂಟು. ಇದನ್ನು ಕಂಡು ಮೂಗು ಮುರಿಯುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಹಣವಿಲ್ಲದೆ ಮೈದಾನವಿಲ್ಲ, ಮೈದಾನವಿಲ್ಲದೆ ಆಟಗಾರನಿಲ್ಲ. ಆದರೆ ಈ ವ್ಯಾಪಾರದ ಧುರೀಣತ್ವವನ್ನು ವಹಿಸಿದವರು ಏನನ್ನು ಕಲಿತಿರಬೇಕೆಂಬ ಪ್ರಶ್ನೆ ಎದ್ದಾಗ, ಗೆಲ್ಲುವ ತಂಡವನ್ನು ಕಟ್ಟುವದು, ಹೆಸರಾದ ಆಟಗಾರರನ್ನು ಒಲಿಸಿಕೊಳ್ಳುವದು, ಜಾಹೀರಾತು ತರುವದು, ಇವೇ ಮುಂದೆ ಬರುವವು. ಬಾಗಿಲಲ್ಲಿ ನಿಂತ ಪ್ರೇಕ್ಷಕನ ಪ್ರಾಣವನ್ನು ಕಾಯುವ ವಿದ್ಯೆಯು ಆ ಪಾಠಗಳಲ್ಲಿ ಎಷ್ಟನೆಯದೋ ನಾವರಿಯೆವು. ನಮ್ಮ ಮತದಲ್ಲಿ ಅದು ಮೊದಲನೆಯದು.

ಬೆಂಗಳೂರಿನವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. 2025ನೆಯ ಇಸವಿಯ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ, ಹದಿನೆಂಟನೆಯ ಆವೃತ್ತಿಯಲ್ಲಿ ಮೊದಲ ಸಲ ಪ್ರಶಸ್ತಿಯನ್ನು ಪಡೆಯಿತು. ಇಡೀ ನಾಡೇ ಹಿಗ್ಗಿತು, ನಾವೂ ಹಿಗ್ಗಿದೆವು. ಮರುದಿನ ಬೆಳಗಾಗುತ್ತಲೆ ವಿಜಯೋತ್ಸವದ ಸುದ್ದಿ ಹೊರಟಿತು. ಮೆರವಣಿಗೆಯುಂಟೆಂದು ಒಂದು ಕಡೆಯಿಂದ, ಇಲ್ಲವೆಂದು ಇನ್ನೊಂದು ಕಡೆಯಿಂದ ಮಾತು ಬಂದವು. ಪುಕ್ಕಟೆ ಪ್ರವೇಶದ ಸುದ್ದಿಯೂ ಹಬ್ಬಿತು. ಸುಮಾರು 35 ಸಾವಿರ ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನರು ನೆರೆದರು. ಸಂಜೆಯ ಹೊತ್ತಿಗೆ ಬಾಗಿಲುಗಳ ಬಳಿ 11 ಜನರು ಪ್ರಾಣ ಬಿಟ್ಟಿದ್ದರು. ಅವರಲ್ಲಿ ಬಹುಮಂದಿ ಎಳೆಯರು. ಆಮೇಲೆ ಸರಕಾರ, ಪೋಲೀಸು, ಕ್ರಿಕೆಟ್ ಸಂಸ್ಥೆ, ತಂಡದ ಚಾಲಕರು ಒಬ್ಬರ ಕಡೆಗೊಬ್ಬರು ಬೆರಳು ತೋರಿಸಿದರು. ವಿಚಾರಣಾ ಆಯೋಗವೂ ನಡೆಯಿತು, ನ್ಯಾಯಾಲಯಗಳ ಮೆಟ್ಟಲನ್ನೂ ಹತ್ತಿದ್ದಾಯಿತು. ಯಾರ ಪಾಲಿಗೆ ಎಷ್ಟು ತಪ್ಪೆಂದು ಅಳೆದು ಹಂಚುವ ಅಧಿಕಾರವು ನಮಗಿಲ್ಲ. ಆದರೆ ಅಂದಿನ ಉತ್ಸವವನ್ನು ನಾಲ್ಕು ದಿನ ಮುಂದೂಡಿದ್ದರೆ ಪ್ರಶಸ್ತಿಯ ಬೆಳ್ಳಿಯೇನೂ ಕಪ್ಪಾಗುತ್ತಿರಲಿಲ್ಲವೆಂದು ಹೇಳುವದಕ್ಕೆ ನ್ಯಾಯಾಧೀಶರೇ ಆಗಬೇಕಾಗಿಲ್ಲ.

ಇಲ್ಲಿ ಒಂದು ಮಾತು. ಇಂಥ ಸಾವುಗಳಿಗೆ ನಾವು ಕಾಲ್ತುಳಿತವೆಂದು ಹೆಸರಿಟ್ಟಿರುವೆವು. ಆ ಶಬ್ದದಲ್ಲಿಯೇ ಜನರ ಮೇಲಿನ ದೂರು ಅಡಗಿರುವದು: ಹುಚ್ಚೆದ್ದು ಓಡಿದರು, ತುಳಿದರು ಎಂದು. ನಿಜವು ಬಹಳ ಸಲ ಬೇರೆಯೇ. ಒಂದು ಚದರ ಮೀಟರಿನಲ್ಲಿ ಆರೇಳು ಜನ ಸೇರಿದ ಮೇಲೆ ಯಾರಿಗೂ ಸ್ವಂತ ನಡಿಗೆಯೆಂಬದು ಇರುವದಿಲ್ಲ; ಗುಂಪು ನೀರಿನಂತೆ ತುಯ್ಯುವದು, ನಿಂತ ಮನುಷ್ಯನು ಎದೆ ಅಮುಕಿ ನಿಂತಲ್ಲಿಯೇ ಉಸಿರು ಕಳೆದುಕೊಳ್ಳುವನು. ಹಿಂದಿನವನಿಗೆ ಮುಂದಿನವನ ಪಾಡು ಕಾಣದು. ಕಾಣಬೇಕಾದವನು ವ್ಯವಸ್ಥಾಪಕನು.

ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದ ಕಥೆಯನ್ನು ಈ ವ್ಯಾಪಾರದಲ್ಲಿರುವ ಪ್ರತಿಯೊಬ್ಬನೂ ಓದಿರಬೇಕು. 1989ರ ಏಪ್ರಿಲ್ 15ರಂದು ಅಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಫುಟ್ಬಾಲ್ ಪಂದ್ಯವಿತ್ತು. ಲೆಪಿಂಗ್ಸ್ ಲೇನ್ ಕಡೆಯಲ್ಲಿ ನಿಂತು ನೋಡುವ ಭಾಗಕ್ಕೆ 10,100 ಟಿಕೀಟುಗಳು. ಒಳಗೆ ಬಿಡಲು ತಿರುಗುಬಾಗಿಲುಗಳು ಏಳು. ಒಂದು ಬಾಗಿಲಿನಿಂದ ತಾಸಿಗೆ 750 ಜನ ದಾಟುವರೆಂದು ಹಿಡಿದರೂ ಎಲ್ಲರೂ ಒಳಸೇರಲು ಹೆಚ್ಚು ಕಡಿಮೆ ಎರಡು ತಾಸು ಬೇಕು. ಇದು ಪ್ರಾಥಮಿಕ ಶಾಲೆಯ ಹುಡುಗನು ಮಾಡುವ ಭಾಗಾಕಾರ. ಅದನ್ನು ಮೊದಲೇ ಮಾಡಿ ನೋಡಿದವರು ಯಾರು? ಮೈದಾನದ ಸುರಕ್ಷತೆಯ ಪ್ರಮಾಣಪತ್ರವು 1979ರದು. ಅನಂತರ ನಿಲ್ಲುವ ಜಾಗವನ್ನು ಬೇಲಿಗಳಿಂದ ಕೊಟ್ಟಿಗೆಗಳಂತೆ ಭಾಗಿಸಿದರು. ಪ್ರಮಾಣಪತ್ರವು ಮಾತ್ರ ಹಳೆಯದೇ ಉಳಿಯಿತು. 1981ರಲ್ಲಿ ಅದೇ ತುದಿಯಲ್ಲಿ ಜನ ಇಕ್ಕಟ್ಟಿಗೆ ಸಿಕ್ಕು ಗಾಯಗೊಂಡಿದ್ದರು. 1987ರ ಪಂದ್ಯದಲ್ಲಿ ಹೊರಗೆ ಜನ ಉಳಿದಿರುವರೆಂದು ಆಟದ ಆರಂಭವನ್ನು ಕಾಲು ತಾಸು ತಡೆದಿದ್ದರು, 1989ರಲ್ಲಿ ತಡೆಯಲಿಲ್ಲ. ಹೊರಗಿನ ಒತ್ತಡವನ್ನು ಇಳಿಸಲು ದೊಡ್ಡ ಬಾಗಿಲನ್ನು ತೆರೆದರು, ಆದರೆ ಆಗಲೇ ತುಂಬಿಹೋಗಿದ್ದ ನಡುವಣ ಕೊಟ್ಟಿಗೆಗಳಿಗೆ ಹೋಗುವ ಸುರಂಗದ ದಾರಿಯನ್ನು ಮುಚ್ಚಲಿಲ್ಲ. ಒಟ್ಟು 97 ಜನರು ಸತ್ತರು. ಜನರೇ ಬಾಗಿಲು ಮುರಿದು ನುಗ್ಗಿದರೆಂದು ಅಂದೇ ಹಬ್ಬಿಸಿದ ಸುಳ್ಳನ್ನು ತೊಳೆಯಲು ಆ ಕುಟುಂಬಗಳಿಗೆ 27 ವರ್ಷಗಳು ಬೇಕಾದವು. ಪ್ರೇಕ್ಷಕರದೇನೂ ತಪ್ಪಿಲ್ಲವೆಂದು ಪಂಚರು ತೀರ್ಮಾನ ಕೊಟ್ಟದ್ದು 2016ರಲ್ಲಿ.

ನಮ್ಮ ದೇಶವೂ ಈ ಪಾಠಕ್ಕೆ ಹೊರತಲ್ಲ. 1980ರ ಆಗಸ್ಟ್ 16ರಂದು ಕಲಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಫುಟ್ಬಾಲ್ ನೋಡಲು ಹೋದ 16 ಜನರು ಮನೆಗೆ ಮರಳಲಿಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರೇಂಜರ್ಸ್ ಸಂಘದ ವೃತ್ತಾಂತದಲ್ಲಿ ಧಿಕ್ಕಾರಕ್ಕೂ ಮೆಚ್ಚಿಕೆಗೂ ಎಡೆಯುಂಟು. ಅದರ ಐಬ್ರಾಕ್ಸ್ ಮೈದಾನದ 13ನೆಯ ಮೆಟ್ಟಲುದಾರಿಯಲ್ಲಿ 1961ರಲ್ಲಿ ಇಬ್ಬರು ಸತ್ತಿದ್ದರು; 1967ರಲ್ಲಿಯೂ 1969ರಲ್ಲಿಯೂ ಜನ ಗಾಯಗೊಂಡಿದ್ದರು. ಎಚ್ಚರಿಕೆಗೆ ಇನ್ನೇನು ಬೇಕು? ಆದರೂ 1971ರ ಜನವರಿ 2ರಂದು ಅದೇ ಮೆಟ್ಟಲುಗಳ ಮೇಲೆ 66 ಜನರು ಸತ್ತರು. ಸಂಘದ್ದೇ ತಪ್ಪೆಂದು 1974ರಲ್ಲಿ ನ್ಯಾಯಾಲಯವು ಹೇಳಿತು. ಆಗ ತಂಡದ ಮ್ಯಾನೇಜರ್ ಆಗಿದ್ದವನು ವಿಲ್ಲಿ ವಾಡೆಲ್. ಪ್ರತಿಯೊಂದು ಶವಸಂಸ್ಕಾರಕ್ಕೂ ಸಂಘದವರು ಹೋಗತಕ್ಕದ್ದೆಂದು ಅವನು ಕಟ್ಟುಮಾಡಿದನು. ಅಷ್ಟಕ್ಕೆ ಮುಗಿಸಿದ್ದರೆ ಅದು ಬರಿಯ ಶಿಷ್ಟಾಚಾರವಾಗುತ್ತಿತ್ತು. ಅವನು ಜರ್ಮನಿಯ ಡಾರ್ಟ್‌ಮಂಡ್ ನಗರದ ಹೊಸ ಕ್ರೀಡಾಂಗಣವನ್ನು ನೋಡಿಬಂದು, ಐಬ್ರಾಕ್ಸನ್ನು ಬುಡದಿಂದ ತಿರುಗಿ ಕಟ್ಟಿಸುವ ಹಟ ಹಿಡಿದನು. 1981ರ ಹೊತ್ತಿಗೆ ಮೂರು ಹೊಸ ಅಟ್ಟಣಿಗೆಗಳೆದ್ದು, ಬಹುಪಾಲು ಜನ ಕೂತು ನೋಡುವಂತಾಯಿತು. ಇಂಗ್ಲೆಂಡಿನ ದೊಡ್ಡ ಮೈದಾನಗಳಿಗೆ ಈ ಬುದ್ಧಿ ಬಂದದ್ದು 1990ರ ಟೇಲರ್ ವರದಿಯ ಮೇಲೆ. ವಾಡೆಲನು ಆ ಕೆಲಸಕ್ಕೆ ತೊಡಗಿದಾಗ ಅವನನ್ನು ಒತ್ತಾಯಿಸುವ ಅಂಥ ವರದಿ ಇರಲಿಲ್ಲ.

ಬರಿಯ ವ್ಯಾಪಾರದ ಕಣ್ಣಿನಿಂದ ನೋಡುವವರಿಗೂ ಒಂದು ಲೆಕ್ಕವಿದೆ. 2025ರ ಮಹಿಳೆಯರ ವಿಶ್ವಕಪ್ ಕ್ರಿಕೆಟಿನ ಆರಂಭದ ಪಂದ್ಯವು ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಜೂನ್ ತಿಂಗಳ ದುರಂತದ ತರುವಾಯ ಅದು ಗುವಾಹಾಟಿಗೆ ಹೋಯಿತು. ಭಾರತದ ಹೆಣ್ಣುಮಕ್ಕಳು ಮೊದಲ ಸಲ ಆ ಕಪ್ಪನ್ನು ಎತ್ತಿಹಿಡಿದದ್ದು ನವೆಂಬರ್ 2ರಂದು ನವಿ ಮುಂಬಯಿಯಲ್ಲಿ. ಬೆಂಗಳೂರು ಅದನ್ನು ದೂರದಿಂದ ನೋಡಿತು.

ಆದುದರಿಂದ ನಮ್ಮ ಕೋರಿಕೆಯು ಸಣ್ಣದು. ದೊಡ್ಡ ಪಂದ್ಯವಾಗಲಿ ಉತ್ಸವವಾಗಲಿ ನಡೆಯುವ ಮುಂಚೆ, ಎಷ್ಟು ಬಾಗಿಲು, ತಾಸಿಗೆ ಎಷ್ಟು ಜನ, ಕಾರ್ಯಕ್ರಮವನ್ನು ನಿಲ್ಲಿಸುವ ಅಧಿಕಾರ ಯಾರದು ಎಂಬ ಮೂರು ಸಂಗತಿಗಳನ್ನು ಚಾಲಕರು ವರ್ತಮಾನಪತ್ರಗಳಲ್ಲಿ ಪ್ರಕಟಿಸಲಿ. ಆ ಅಧಿಕಾರಿಯ ಹೆಸರು ಅಚ್ಚಾಗಲಿ. ಅಂಥ ಜಾಹೀರಾತಿಗೆ ಹಣ ಹೆಚ್ಚೆನಿಸಿದರೆ ನಮ್ಮ ಪತ್ರಿಕೆಯಲ್ಲಿ ಅದನ್ನು ಪುಕ್ಕಟೆಯಾಗಿ ಹಾಕಿಕೊಡಲು ನಾವು ಸಿದ್ಧರಿರುವೆವು.