ನಿಮಗಿದು ಗೊತ್ತೆ? 911 ವರ್ಷ ಉಳಿದ ಬಹಿಷ್ಕಾರ
1054ರ ಜುಲೈ 16. ಕಾನ್‌ಸ್ಟಾಂಟಿನೋಪಲ್‌ನ (ಇಂದಿನ ಇಸ್ತಾಂಬುಲ್) ಹಗಿಯಾ ಸೋಫಿಯಾ ಚರ್ಚಿಗೆ ಬಂದ ರೋಮ್‌ನ ಪ್ರತಿನಿಧಿ ಕಾರ್ಡಿನಲ್ ಹಂಬರ್ಟ್, ಅಲ್ಲಿನ ಪೇಟ್ರಿಯಾರ್ಕ್ (ಆರ್ಥೊಡಾಕ್ಸ್ ಪ್ರಧಾನ ಧರ್ಮಗುರು) ಮೈಕೇಲ್ ಸೆರುಲೇರಿಯಸ್‌ಗೆ ಬಹಿಷ್ಕಾರ ಹಾಕಿದ ಪತ್ರವನ್ನು ಬಲಿಪೀಠದ ಮೇಲಿಟ್ಟು ಹೊರನಡೆದರು. ಅವರನ್ನು ಕಳಿಸಿದ್ದ ಪೋಪ್ ಒಂಬತ್ತನೇ ಲಿಯೊ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು! ಕೆಲವೇ ದಿನಗಳಲ್ಲಿ ಪೇಟ್ರಿಯಾರ್ಕ್ ಕಡೆಯಿಂದಲೂ ಪ್ರತಿಬಹಿಷ್ಕಾರ ಬಂತು. ಶಿಕ್ಷೆ ಕೆಲವು ವ್ಯಕ್ತಿಗಳಿಗಷ್ಟೇ. ಅದರ ಕಹಿ ಮಾತ್ರ ಕ್ಯಾಥೊಲಿಕ್, ಆರ್ಥೊಡಾಕ್ಸ್ ಸಭೆಗಳೆರಡಕ್ಕೂ ಶತಮಾನಗಳ ಕಾಲ ಅಂಟಿತು.

1964ರ ಜನವರಿಯಲ್ಲಿ ಪೋಪ್ ಆರನೇ ಪೌಲ್ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಅಥೆನಗೊರಸ್ ಜೆರುಸಲೇಮ್‌ನಲ್ಲಿ ಪರಸ್ಪರ ಅಪ್ಪಿಕೊಂಡರು. ಮರುವರ್ಷ ಡಿಸೆಂಬರ್ 7ರಂದು, ಎರಡನೇ ವ್ಯಾಟಿಕನ್ ಮಹಾಸಭೆಯ ಮುಕ್ತಾಯದ ಮುನ್ನಾದಿನ, ಇಬ್ಬರ ಜಂಟಿ ಘೋಷಣೆಯನ್ನು ರೋಮ್ ಮತ್ತು ಇಸ್ತಾಂಬುಲ್‌ಗಳಲ್ಲಿ ಏಕಕಾಲಕ್ಕೆ ಓದಿ ಆ ಬಹಿಷ್ಕಾರಗಳನ್ನು ತೊಡೆದುಹಾಕಲಾಯಿತು. ಆದರೂ ಪರಮಪ್ರಸಾದದ ಪಂಕ್ತಿಯಲ್ಲಿ ಎರಡೂ ಸಭೆಗಳು ಇಂದಿಗೂ ಒಂದಾಗಿಲ್ಲ.