ಅಡುಗೆಯ ಎಣ್ಣೆಯೂ ಸ್ತ್ರೀಯರ ರಕ್ತದ ಕೊಲೆಸ್ಟರಾಲೂ

ರಾಜ್ಯಗಳಿಗಿರುವಂತೆ ಅಡುಗೆಮನೆಯ ಎಣ್ಣೆಗೂ ಒಂದು ಚರಿತ್ರೆಯುಂಟು. ಬೆಂಗಳೂರಿನ ಉತ್ತರ ಭಾಗದ ಹಳ್ಳಿಗಳಲ್ಲಿ ಹಿಂದೆ ಗಾಣದ ಕಡಲೆಕಾಯಿ ಎಣ್ಣೆಯೂ ಹುಚ್ಚೆಳ್ಳೆಣ್ಣೆಯೂ ಬಳಕೆಯಲ್ಲಿದ್ದುವು. 1937ರಲ್ಲಿ ಡಾಲ್ಡಾ ಎಂಬ ವನಸ್ಪತಿ ಭಾರತದ ಮಾರುಕಟ್ಟೆಗೆ ಬಂದಿತು. 1969ರಲ್ಲಿ ಸೂರ್ಯಕಾಂತಿಯು ಎಣ್ಣೆಬೀಜದ ಬೆಳೆಯಾಗಿ ದೇಶದಲ್ಲಿ ಕಾಲಿಟ್ಟಿತು. ಅದರ ಮೊದಲ ಭಾರತೀಯ ಸಂಕರ ತಳಿಯಾದ ಬಿ.ಎಸ್.ಎಚ್.-1, ಹೆಬ್ಬಾಳ–ಯಲಹಂಕಗಳ ನಡುವೆ ನೆಲೆಸಿರುವ ಕೃಷಿ ವಿಶ್ವವಿದ್ಯಾನಿಲಯದಿಂದ 1980ರಲ್ಲಿ ಹೊರಬಂದಿತು. ಎಣ್ಣೆ ಬದಲಾದರೆ ಅದನ್ನುಣ್ಣುವ ಸ್ತ್ರೀಯರ ರಕ್ತದಲ್ಲಿ ಆಗುವುದೇನೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ರಕ್ತದ ಕೊಲೆಸ್ಟರಾಲಿನ ಬಹುಪಾಲನ್ನು ದೇಹವು ತಾನೇ ತಯಾರಿಸುತ್ತದೆ. ಅದನ್ನು ರಕ್ತನಾಳಗಳಿಗೆ ಒಯ್ಯುವ ಎಲ್.ಡಿ.ಎಲ್. ಕಣಗಳು ಹೆಚ್ಚಿದರೆ ನಾಳಗಳ ಗೋಡೆಯಲ್ಲಿ ಜಿಡ್ಡು ಕೂಡುತ್ತದೆ, ಎಚ್.ಡಿ.ಎಲ್. ಕಣಗಳು ಅದನ್ನು ಯಕೃತ್ತಿಗೆ ಮರಳಿಸಲು ನೆರವಾಗುತ್ತವೆ. ಪರ್ಯಾಪ್ತ ಕೊಬ್ಬು ಮಿತಿಮೀರಿದಾಗ ಯಕೃತ್ತು ಎಲ್.ಡಿ.ಎಲ್. ಅನ್ನು ರಕ್ತದಿಂದ ಹೀರಿಕೊಳ್ಳುವ ಶಕ್ತಿ ಕುಂದುತ್ತದೆ. ತುಪ್ಪದ ಕೊಬ್ಬಿನಲ್ಲಿ ಈ ಬಗೆಯದು ನೂರಕ್ಕೆ ಸುಮಾರು 60 ಪಾಲು. ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 10 ಮಾತ್ರ. ಎಣ್ಣೆಗೆ ಜಲಜನಕವನ್ನು ಹಾಯಿಸಿ ಗಟ್ಟಿಗೊಳಿಸಿದ ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು. ಅದು ಎಲ್.ಡಿ.ಎಲ್. ಅನ್ನು ಏರಿಸುವುದಲ್ಲದೆ ಎಚ್.ಡಿ.ಎಲ್. ಅನ್ನೂ ಇಳಿಸುತ್ತದೆಂದು ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಟಾನ್ 1990ರಲ್ಲಿ ತೋರಿಸಿದರು. 1993ರಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 85,000 ದಾದಿಯರ ಅಧ್ಯಯನದಲ್ಲಿ, ಈ ಕೊಬ್ಬನ್ನು ಹೆಚ್ಚು ಸೇವಿಸಿದವರಲ್ಲಿ ಹೃದ್ರೋಗವೂ ಹೆಚ್ಚಾಗಿ ಕಂಡುಬಂದಿತು.

ಸ್ತ್ರೀಯರ ವಿಷಯದಲ್ಲಿ ವಿಶೇಷವೊಂದುಂಟು. ಮುಟ್ಟು ನಿಲ್ಲುವವರೆಗೆ ಈಸ್ಟ್ರೊಜನ್ ಎಂಬ ಹಾರ್ಮೋನು ಎಲ್.ಡಿ.ಎಲ್. ಅನ್ನು ತಗ್ಗಿಸಿರುತ್ತದೆ. ಆಮೇಲೆ ಆ ರಕ್ಷಣೆ ತಪ್ಪಿ, ಊಟ ಮೊದಲಿನಂತೆಯೇ ಇದ್ದರೂ ಎಲ್.ಡಿ.ಎಲ್. ಏರುತ್ತದೆ. ಈ ಏರಿಕೆಗೆ ನೋವಿಲ್ಲ, ಗುರುತಿಲ್ಲ. ರಕ್ತಪರೀಕ್ಷೆಯೊಂದೇ ಅದನ್ನು ತಿಳಿಸಬಲ್ಲದು. ಮನೆಮಂದಿಗೆಲ್ಲ ಎಣ್ಣೆಯನ್ನು ಅಳೆದು ಬಡಿಸುವ ಗೃಹಿಣಿಯೇ ಆ ಪರೀಕ್ಷೆಯನ್ನು ಮುಂದೂಡುತ್ತ ಬರುವುದು ನಮ್ಮ ಸಂಸಾರಗಳಲ್ಲಿ ಅಪರೂಪವಲ್ಲ.

2022ರ ಜನವರಿಯಿಂದ ಭಾರತದಲ್ಲಿ ಎಣ್ಣೆ-ಕೊಬ್ಬುಗಳಲ್ಲಿನ ಟ್ರಾನ್ಸ್ ಕೊಬ್ಬಿಗೆ ನೂರಕ್ಕೆ 2ರ ಮಿತಿಯನ್ನು ವಿಧಿಸಲಾಗಿದೆ. ಆದರೆ ಕಾನೂನು ಒಗ್ಗರಣೆಯ ಸೌಟನ್ನು ಹಿಡಿಯಲಾರದು. ಹಬ್ಬದ ಹೋಳಿಗೆಯ ಮೇಲಿನ ಒಂದು ಚಮಚ ತುಪ್ಪವನ್ನು ದೂರುವುದು ನಮ್ಮ ಉದ್ದೇಶವಲ್ಲ. ಸೂರ್ಯಕಾಂತಿ ಎಣ್ಣೆಯಾದರೂ ತುಪ್ಪ-ವನಸ್ಪತಿಗಳ ಸ್ಥಾನದಲ್ಲಿ ಬಂದರೆ ಮಾತ್ರ ಹಿತ, ಅವುಗಳ ಜೊತೆಗೆ ಸೇರಿದರೆ ಅಲ್ಲ. ಐವತ್ತರ ಹತ್ತಿರದ ಸ್ತ್ರೀಯರು ಈ ಭೇದವನ್ನರಿತು, ಪರೀಕ್ಷೆಯನ್ನು ತಡಮಾಡದಿರುವುದು ಶ್ರೇಯಸ್ಕರ.