ಎಸಿ ಡಕ್ಟ್ ಒಳಗೆ ಇಂಟರ್ನೆಟ್ ಕೇಬಲ್ ಎಳೀಬಹುದಾ?

ಇವತ್ತಿನ ಪ್ರಶ್ನೆ ಅಮೆರಿಕದ ಟೆಕ್ಸಸ್‌ನಿಂದ ಬಂದಿದೆ. ಅಲ್ಲಿ ಮನೆ ತಗೊಂಡಿರೋ ಕನ್ನಡದ ಕೇಳುಗರೊಬ್ಬರು ಕೇಳಿದ್ದಾರೆ: "ರೂಟರ್ ಕೆಳಗಡೆ ಇದೆ, ನಾನು ಕೆಲಸ ಮಾಡೋ ರೂಮು ಮಹಡಿ ಮೇಲೆ. ಗೋಡೆ ಕೊರೆಯೋದು ರಗಳೆ. ಎಸಿ ಡಕ್ಟ್ ಹೇಗೂ ಎಲ್ಲ ರೂಮಿಗೂ ಹೋಗುತ್ತೆ. ಅದರೊಳಗೇ ಕ್ಯಾಟ್-6 ಕೇಬಲ್ ಬಿಟ್ಟರೆ ತಪ್ಪೇನು? ಅದರಲ್ಲಿ ಶಾಕ್ ಹೊಡೆಯೋವಷ್ಟು ಕರೆಂಟೂ ಇರಲ್ಲವಲ್ಲ!"

ಉತ್ತರ ಮೊದಲೇ ಹೇಳಿಬಿಡ್ತೀನಿ: ಬೇಡ. ಅಂಗಡಿಯಲ್ಲಿ 'ಪ್ಲೆನಮ್ ಕೇಬಲ್' ಅಂತ ದುಬಾರಿ ಕೇಬಲ್ ಕೊಟ್ಟರೂ ಬೇಡ. ಯಾಕೆ ಅಂತ ನೋಡೋಣ.

ನಮ್ಮೂರಲ್ಲಿ ರೂಮಿಗೊಂದು ಎಸಿ ಗೋಡೆ ಮೇಲೆ ಕೂತಿರುತ್ತೆ. ಅಮೆರಿಕದ ಬಹಳಷ್ಟು ಮನೆಗಳಲ್ಲಿ ಹಾಗಲ್ಲ. ಇಡೀ ಮನೆಗೆ ಒಂದೇ ದೊಡ್ಡ ಬ್ಲೋವರ್. ಅಲ್ಲಿಂದ ತಗಡಿನ ಕೊಳವೆಗಳು ಪ್ರತಿ ರೂಮಿಗೂ ಬಿಸಿ ಅಥವಾ ತಣ್ಣನೆಯ ಗಾಳಿ ಒಯ್ಯುತ್ತವೆ. ಇನ್ನೊಂದು ದಾರಿಯಲ್ಲಿ ಆ ಗಾಳಿ ವಾಪಸ್ ಬರುತ್ತೆ. ಅಂದರೆ ಎಲ್ಲರೂ ಉಸಿರಾಡೋ ಗಾಳಿಯ ಹೆದ್ದಾರಿ ಅದು.

ಈಗ ನಿಯಮಕ್ಕೆ ಬರೋಣ. ಅಮೆರಿಕದಲ್ಲಿ ವೈರಿಂಗ್‌ಗೆ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಅಂತ ಒಂದು ಪುಸ್ತಕ ಇದೆ. ಮೊದಲು ಬಂದಿದ್ದು 1897ರಲ್ಲಿ; ಈಗ ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತೆ. ಪ್ರಕಟಿಸೋದು ವಿದ್ಯುತ್ ಇಲಾಖೆ ಅಲ್ಲ, ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್. ಬೆಂಕಿಯಿಂದ ಜನರನ್ನ ಕಾಪಾಡೋದೇ ಕೆಲಸ ಅಂದುಕೊಂಡಿರೋ ಸಂಸ್ಥೆ ಅದು. ಇಷ್ಟು ಗೊತ್ತಿದ್ದರೆ ಮುಂದಿನದು ಸುಲಭವಾಗಿ ಅರ್ಥ ಆಗುತ್ತೆ.

ಈ ಕೋಡ್‌ನ 300.22ನೇ ವಿಭಾಗ ಗಾಳಿ ಓಡಾಡೋ ಜಾಗಗಳನ್ನ ಮೂರು ಥರ ವಿಂಗಡಿಸುತ್ತೆ. ಒಂದು, ಧೂಳು ಅಥವಾ ಸುಡುವ ಆವಿ ಸಾಗಿಸೋ ಡಕ್ಟ್. ಅಲ್ಲಿ ಯಾವ ವೈರೂ ಕೂಡದು. ಎರಡು, ಗಾಳಿಗೆಂದೇ ತಯಾರಿಸಿದ ಡಕ್ಟ್, ನಮ್ಮ ಕೇಳುಗರ ಮನೆಯಲ್ಲಿ ಇರೋವಂಥದ್ದು. ಮೂರು, ಬೇರೆ ಉದ್ದೇಶಕ್ಕೆ ಕಟ್ಟಿದ್ದರೂ ಗಾಳಿ ಓಡಾಡೋ ಜಾಗ. ಆಫೀಸಿನ ಫಾಲ್ಸ್ ಸೀಲಿಂಗ್ ಮೇಲಿನ ಖಾಲಿ ಜಾಗದಲ್ಲೇ ಗಾಳಿ ವಾಪಸ್ ಹೋಗ್ತಾ ಇದ್ದರೆ ಅದು ಈ ಮೂರನೇ ಗುಂಪು. ಮಾತಿನಲ್ಲಿ 'ಪ್ಲೆನಮ್' ಅನ್ನೋದು ಸಾಮಾನ್ಯವಾಗಿ ಇದನ್ನೇ.

ಗೊಂದಲ ಆಗೋದು ಇಲ್ಲೇ ನೋಡಿ. ಸಿಎಂಪಿ ಅಂತ ಮುದ್ರಿಸಿರೋ ಪ್ಲೆನಮ್ ಕೇಬಲ್‌ಗೆ ಮೂರನೇ ಗುಂಪಿನಲ್ಲಿ ಅನುಮತಿ ಇದೆ. ಎರಡನೆಯದರಲ್ಲಿ, ಅಂದರೆ ನಿಜವಾದ ಡಕ್ಟ್ ಒಳಗೆ, ಹಾಗೆ ಬಿಟ್ಟುಕೊಂಡು ಹೋಗೋಕೆ ಇಲ್ಲ. ಅಲ್ಲಿ ವೈರ್ ಬೇಕೇ ಬೇಕು ಅಂದರೆ ಆ ಗಾಳಿಯನ್ನ ಅಳೆಯೋ ಅಥವಾ ನಿಯಂತ್ರಿಸೋ ಸಾಧನಕ್ಕೆ ಮಾತ್ರ, ಅದೂ ಲೋಹದ ಪೈಪು ಅಥವಾ ಲೋಹದ ಹೊದಿಕೆಯ ಕೇಬಲ್‌ನಲ್ಲಿ. ಇತ್ತೀಚಿನ ಆವೃತ್ತಿಗಳು ಸಿಎಂಪಿ ಕೇಬಲ್‌ಗೆ ಸಣ್ಣ ರಿಯಾಯಿತಿ ಕೊಟ್ಟಿವೆ: ಹೆಚ್ಚೆಂದರೆ 4 ಅಡಿ, ಅದೂ ಗಾಳಿ ವ್ಯವಸ್ಥೆಗೆ ನೇರವಾಗಿ ಸಂಬಂಧಪಟ್ಟಿದ್ದರೆ ಮಾತ್ರ. ನೆಟ್‌ಫ್ಲಿಕ್ಸ್ ನೋಡೋ ಕೇಬಲ್ ಅದಕ್ಕೆ ಸೇರಲ್ಲ.

"ವೋಲ್ಟೇಜ್ ಕಡಿಮೆ ಅಲ್ವಾ?" ಅನ್ನೋ ಮಾತಿಗೆ ಬರ್ತೀನಿ. ಈ ನಿಯಮ ಕೇಳ್ತಿರೋದು "ಈ ಕೇಬಲ್ ಬೆಂಕಿ ಹೊತ್ತಿಸುತ್ತಾ?" ಅಂತ ಮಾತ್ರ ಅಲ್ಲ. "ಬೇರೆಲ್ಲೋ ಹೊತ್ತಿದ ಬೆಂಕಿ ಇಲ್ಲಿಗೆ ಬಂದಾಗ ಈ ಕೇಬಲ್ ಏನು ಮಾಡುತ್ತೆ?" ಅಂತಾನೂ ಕೇಳುತ್ತೆ. ಮಾಮೂಲಿ ಕೇಬಲ್‌ನ ಹೊದಿಕೆ ಪಿವಿಸಿ. ಅದು ಸುಟ್ಟರೆ ದಟ್ಟ ಕಪ್ಪು ಹೊಗೆ, ಜೊತೆಗೆ ಹೈಡ್ರೋಜನ್ ಕ್ಲೋರೈಡ್ ಅನಿಲ. ಅದು ಕಣ್ಣು, ಗಂಟಲಿನ ತೇವಕ್ಕೆ ತಾಗಿದರೆ ಆಮ್ಲ ಆಗುತ್ತೆ. ಬ್ಲೋವರ್ ಓಡ್ತಾ ಇದ್ದರೆ ಆ ಹೊಗೆ ನೇರ ಮಕ್ಕಳು ಮಲಗಿರೋ ರೂಮಿಗೇ ಹೋಗುತ್ತೆ.

ಹೊಗೆ ಎಷ್ಟು ದೂರ ಹೋಗಬಲ್ಲದು? 1980ರ ನವೆಂಬರ್ 21ರಂದು ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲ್‌ನಲ್ಲಿ ಬೆಂಕಿ ಬಿತ್ತು. ಶುರುವಾಗಿದ್ದು ಕೆಳಗಿನ ರೆಸ್ಟೋರೆಂಟ್‌ನಲ್ಲಿ. ಸತ್ತವರು 85 ಜನ, ಅವರಲ್ಲಿ ಹೆಚ್ಚಿನವರು ಮೇಲಿನ ಮಹಡಿಗಳಲ್ಲಿದ್ದವರು. ಜ್ವಾಲೆ ಅಲ್ಲಿಗೆ ತಲುಪಲೇ ಇಲ್ಲ. ಮೆಟ್ಟಿಲು, ಲಿಫ್ಟ್ ಬಾವಿ, ಗಾಳಿಯ ವ್ಯವಸ್ಥೆ ಇವುಗಳ ಮೂಲಕ ಹೊಗೆ ತಲುಪಿತು. ನಮ್ಮ ಬೆಂಗಳೂರಲ್ಲೂ 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ತೀರಿಕೊಂಡರು. ಅಲ್ಲಿ ಹೊಗೆ ಏರಿದ್ದು ಕೇಬಲ್‌ಗಳು ಹಾದುಹೋಗೋ ಎಲೆಕ್ಟ್ರಿಕಲ್ ಡಕ್ಟ್‌ನಿಂದ. ಅದು ಎಸಿ ಡಕ್ಟ್ ಅಲ್ಲ ನಿಜ, ಆದರೆ ಪಾಠ ಒಂದೇ: ಕಟ್ಟಡದಲ್ಲಿ ಟೊಳ್ಳು ದಾರಿ ಇದ್ದರೆ ಹೊಗೆ ಅದನ್ನ ಹುಡುಕಿಕೊಳ್ಳುತ್ತೆ.

ಅದಕ್ಕೇ ಸಿಎಂಪಿ ಕೇಬಲ್‌ಗೆ ಕಠಿಣ ಪರೀಕ್ಷೆ. ಗಾಳಿ ಬೀಸೋ ಉದ್ದನೆಯ ಸುರಂಗದಲ್ಲಿಟ್ಟು 20 ನಿಮಿಷ ಬೆಂಕಿ ಕೊಡ್ತಾರೆ. ಜ್ವಾಲೆ 5 ಅಡಿಗಿಂತ ಮುಂದೆ ಹರಡಬಾರದು, ಹೊಗೆಯ ದಟ್ಟಣೆಗೂ ಮಿತಿ ಇದೆ. ಗಮನಿಸಿ, ಪಾಸಾದ ಕೇಬಲ್ ಸುಡೋದೇ ಇಲ್ಲ ಅಂತ ಅಲ್ಲ. ನಿಧಾನವಾಗಿ, ಕಡಿಮೆ ಹೊಗೆ ಬಿಟ್ಟು ಸುಡುತ್ತೆ, ಅಷ್ಟೇ.

ಹಳೇ ಮನೆಗಳಲ್ಲಿ ಇನ್ನೊಂದು ಸಂಗತಿ. ಕೆಲವು ಕಡೆ ವಾಪಸ್ ಗಾಳಿಗೆ ತಗಡಿನ ಡಕ್ಟ್ ಬದಲು ಮರದ ತೊಲೆಗಳ ನಡುವಿನ ಸಂದನ್ನೇ ಬಳಸಿರ್ತಾರೆ. ವಾಸದ ಮನೆಯಲ್ಲಿ ಅಂಥ ಸಂದನ್ನ ಕೇಬಲ್ ಅಡ್ಡಡ್ಡ ದಾಟಿಹೋದರೆ ಕೋಡ್ ಬಿಡುತ್ತೆ. ಸಂದಿನ ಉದ್ದಕ್ಕೂ ಮಾಮೂಲಿ ಕೇಬಲ್ ಎಳೆಯೋಕೆ ಬಿಡಲ್ಲ.

ಹಾಗಾದ್ರೆ ಏನು ಮಾಡೋದು? ಒಳಗೋಡೆಯ ಟೊಳ್ಳಿನಲ್ಲೋ, ಬೀರು ಮೂಲೆಯಲ್ಲೋ ಕೇಬಲ್ ಇಳಿಸಿ, ಅಟ್ಟದ ಮೂಲಕ ತನ್ನಿ. ಮಹಡಿಯಿಂದ ಮಹಡಿಗೆ ಸಿಎಂಆರ್ ಅಂತ ಮುದ್ರಿಸಿರೋ ಕೇಬಲ್ ಒಳ್ಳೆಯದು. ಕೊರೆದ ತೂತನ್ನ ಬೆಂಕಿ ತಡೆಯೋ ಸೀಲಂಟ್‌ನಿಂದ ಮುಚ್ಚಿ. ಮನೆಯಲ್ಲಿ ಹಳೇ ಟಿವಿ ಕೇಬಲ್ ಇದ್ದರೆ ಎರಡು ತುದಿಗೂ ಮೋಕಾ ಅಡಾಪ್ಟರ್ ಹಾಕಿ ಅದರಲ್ಲೇ ಇಂಟರ್ನೆಟ್ ಹರಿಸಬಹುದು, ಕೊರೆಯೋ ಕೆಲಸವೇ ಇಲ್ಲ. ಇನ್ನು, ಯಾವ ಆವೃತ್ತಿಯ ಕೋಡ್ ಜಾರಿಯಲ್ಲಿದೆ ಅನ್ನೋದು ಊರಿಂದ ಊರಿಗೆ ಬೇರೆ. ನಗರದ ಕಟ್ಟಡ ಇಲಾಖೆಗೆ ಒಂದು ಫೋನ್ ಮಾಡಿ.

ಬೆಂಗಳೂರಲ್ಲಿ ಆಫೀಸ್ ಮಾಡ್ತಿರೋರಿಗೂ ಒಂದು ಮಾತು. ಫಾಲ್ಸ್ ಸೀಲಿಂಗ್ ಮೇಲೆ ಎಸಿಯ ವಾಪಸ್ ಗಾಳಿ ಹೋಗ್ತಾ ಇದೆಯಾ ಅಂತ ಕಾಂಟ್ರಾಕ್ಟರ್‌ನ ಕೇಳಿ. ಹೌದು ಅಂದರೆ ಕೇಬಲ್ ಮೇಲಿನ ಅಕ್ಷರ ನೀವೇ ಓದಿ. ಕಡಿಮೆ ಹೊಗೆಯ, ಹ್ಯಾಲೊಜನ್ ಇಲ್ಲದ ಎಲ್‌ಎಸ್‌ಝಡ್‌ಎಚ್ ಕೇಬಲ್ ಪಿವಿಸಿಗಿಂತ ಮೇಲು. ಆದರೆ ಅದೂ ಸಿಎಂಪಿಯೂ ಒಂದೇ ಅಲ್ಲ, ಪರೀಕ್ಷೆಗಳೇ ಬೇರೆ. ಕೆಲಸಕ್ಕೆ ಬಾರದ ಹಳೇ ಕೇಬಲ್‌ಗಳನ್ನೂ ತೆಗೆಸಿಬಿಡಿ. ಕೈಗೆಟುಕೋ ಅಂಥ ಕೇಬಲ್ ತೆಗೀಲೇಬೇಕು ಅಂತ ಅಮೆರಿಕದ ಕೋಡ್ ಹೇಳುತ್ತೆ. ಸೀಲಿಂಗ್ ಮೇಲೆ ಸುಮ್ಮನೆ ಬಿದ್ದಿರೋ ಪ್ಲಾಸ್ಟಿಕ್ ಅಂದರೆ ಬೆಂಕಿಗೆ ಕೂಡಿಟ್ಟ ಸೌದೆ.

ಟೆಕ್ಸಸ್ ಗೆಳೆಯರೇ, ಒಂದು ಭಾನುವಾರ ಗೋಡೆ ಕೊರೆಯೋಕೆ ಇಟ್ಟುಕೊಳ್ಳಿ, ಡಕ್ಟ್‌ನ ಗಾಳಿಗೇ ಬಿಟ್ಟುಬಿಡಿ. ನಿಮ್ಮ ಪ್ರಶ್ನೆಗಳನ್ನ ಕಳಿಸ್ತಾ ಇರಿ. ಮುಂದಿನ ವಾರ ಸಿಗೋಣ.